ಮುದಲ್ ಕಟ್ಟಲು ಹೋಗಿ ಕಡಲು ಕಂಡದ್ದು

ಇನ್ನೂ ತೀರದ ನನ್ನ ಮನೆಸಾಲದ ಮೇಲಾಣೆ, ಇಲ್ಲಿ ಬರೆದಿರೋದು ಅಕ್ಷರ ಅಕ್ಷರವೂ ನಿಜ. ಸಾಲ ಮಾಡಿ ಬಂಗಾರಪೇಟೆಯಲ್ಲಿ ಮನೆ ಕಟ್ಟಿದವನ ಬದುಕಿನಲ್ಲಿ ಇಂಥವು ನಡೀತಾನೇ ಇರ್ತವೆ. ಅದರಲ್ಲೂ ಹಣಕಾಸಿನಲ್ಲಿ ನನ್ನಂಥ ತಲೆ ಈ ಸೀಮೆಯಲ್ಲಿ ಇನ್ನೊಂದಿಲ್ಲ. ನಾನು ಒಳಗೆ ಕಾಲಿಟ್ಟರೆ ಬ್ಯಾಂಕಿನವರೆಲ್ಲ ಎದ್ದು ನಿಲ್ತಾರೆ. ನಾನು ಹೋಗೋದು ಅವರ ಊಟದ ಹೊತ್ತಿಗೆ, ಅದು ಬೇರೆ ಮಾತು.

ಮನೆಯಲ್ಲಿ ನಾವು ನಾಲ್ಕು ಜನ. ನಾನು, ಬೂದಿಕೋಟೆ ಕಡೆಯ ನಮ್ಮವ್ವ, ಕಾಲೇಜಿಗೆ ಹೋಗೋ ಮಗಳು, ಮತ್ತೆ ನನ್ನ ಹೆಂಡತಿ. ಇವಳು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಬದನೆಕಾಯಿಗೆ ತಮಿಳಲ್ಲಿ ಚೌಕಾಸಿಗೆ ನಿಂತರೆ ತಮಿಳಿನವರೇ ತಮಿಳು ಮರೀಬೇಕು. ಮದುವೆಯಾದಾಗಿನಿಂದ ಇವಳಿಗೆ ಒಂದೇ ಆಸೆ, ಕಡಲು ನೋಡಬೇಕು. ನನಗೂ ಒಂದೇ ಆಸೆ, ಸಾಲ ಬೇಗ ತೀರಬೇಕು. ಪ್ರತಿ ವರ್ಷ ನನ್ನ ಆಸೆಯೇ ಗೆಲ್ತಿತ್ತು. ಗೆದ್ದರೂ ಸಾಲ ಮಾತ್ರ ತೀರ್ತಿರಲಿಲ್ಲ.

ಅಡುಗೆಮನೆ ಯಾರದು?

ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ಇಲ್ಲಿಯವರೆಗೆ ತೀರಿಸಿದ ಸಾಲಕ್ಕೆ ಮನೆಯಲ್ಲಿ ಎಷ್ಟು ಭಾಗ ನಮ್ಮದಾಯ್ತು? ಎಲ್ಲರನ್ನೂ ಕರೆದು ಹೇಳಿದೆ: "ಮೆಟ್ಟಿಲು, ಬಚ್ಚಲು, ಹಾಲ್‌ನಲ್ಲಿ ಸೋಫಾದವರೆಗೆ ನಮ್ಮದು. ಅಡುಗೆಮನೆ ಇನ್ನೂ ಬ್ಯಾಂಕಿನದು. ಅದಕ್ಕೇ ನನಗೆ ನಿದ್ದೆ ಬರೋದಿಲ್ಲ."

ಮಾರನೇ ಬೆಳಿಗ್ಗೆ ಕಾಫಿ ಕೇಳಿದೆ. ಹೆಂಡತಿ ಸೋಫಾ ಬಿಟ್ಟು ಏಳಲಿಲ್ಲ.

"ಅಡುಗೆಮನೆ ಬ್ಯಾಂಕಿನದಲ್ವೇನ್ರೀ? ಕೇಳದೆ ಹೆಂಗೆ ಒಳಗೆ ಹೋಗೋದು? ಮ್ಯಾನೇಜರಿಗೆ ಒಂದು ಫೋನ್ ಹಾಕಿ."

ಅವ್ವನ ಕಡೆ ನೋಡಿದೆ. ಅವ್ವ ಎಲೆಅಡಿಕೆ ಹಾಕ್ಕೊಳ್ತಾ ಅಂದ್ಳು: "ಬಚ್ಚಲು ನಮ್ದೇ ಅಂದ್ಯಲ್ಲ ಕಣ್ಲಾ? ಅಲ್ಲೋಗಿ ನೀರು ಕುಡ್ಕ."

ಪಾನಿಪುರಿ

ನಮ್ಮೂರಿನ ಪಾನಿಪುರಿಯ ನೀರು ಕನ್ನಡಿಯಂತೆ ತಿಳಿ, ಬೇರೆ ಊರಿನವರು ಹುಡುಕಿಕೊಂಡು ಬಂದು ತಿಂತಾರೆ. ಮಗಳ ಹುಟ್ಟಿದ ಹಬ್ಬ, ಎಲ್ಲರೂ ಹೋದೆವು. ಅವರು ತಿಂತಿದ್ದರು, ನಾನು ಪಕ್ಕದಲ್ಲಿ ನಿಂತು ಪ್ಲೇಟು ಎಣಿಸ್ತಿದ್ದೆ. ಮಗಳು ಎರಡನೇ ಪ್ಲೇಟಿಗೆ ಕೈ ಚಾಚಿದಳು. ತಡೀಲಾರದೆ ಹೇಳಿಬಿಟ್ಟೆ: "ನೋಡು ಪುಟ್ಟಿ, ಈ ಪ್ಲೇಟಿನ ದುಡ್ಡು ಇವತ್ತು ಸಾಲಕ್ಕೆ ಹಾಕಿದರೆ, ಸಾಲ ತೀರೋ ಹೊತ್ತಿಗೆ ನಾಲ್ಕು ಪ್ಲೇಟಿನಷ್ಟು ಉಳೀತದೆ."

ಅಂಗಡಿಯವನು ಪೂರಿಗೆ ತೂತು ಮಾಡೋದು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದ.

"ಸರಿ ಸ್ವಾಮಿ. ಆಗ ಕಡಿಯೋಕೆ ಹಲ್ಲು ಉಳಿದಿರ್ತವಾ?"

ಆಪತ್ತಿಗೆ ಇಟ್ಟ ದುಡ್ಡು

ಸಾಲವೊಂದೇ ಕಟ್ಟಿ ಕೈ ಬರಿದಾದರೆ ಗತಿಯೇನು ಅನ್ನೋ ಹೆದರಿಕೆ ಬೇರೆ. ಅದಕ್ಕೇ ಆಪತ್ತಿಗೆ ಅಂತ ಒಂದಿಷ್ಟು ಎತ್ತಿಟ್ಟಿದ್ದೆ. ಮಿಕ್ಸಿ ಕೆಟ್ಟಿತು.

"ಇದು ಆಪತ್ತು ರೀ," ಅಂದ್ಳು ಹೆಂಡತಿ.

"ಇದು ಆಪತ್ತಲ್ಲ, ಅನನುಕೂಲ," ಅಂದೆ. "ಹಿತ್ತಲಲ್ಲಿ ಒರಳುಕಲ್ಲಿದೆ. ನಾನೇ ರುಬ್ತೀನಿ, ನೋಡ್ತಿರು."

ರುಬ್ಬಿದೆ ನೋಡಿ! ಆ ಚಟ್ನಿಯ ನುಣುಪಿಗೆ ಇಡ್ಲಿಗಳೇ ಜಾರಿ ತಟ್ಟೆಯಿಂದ ಇಳಿದು ಹೋದವು. ಮೂರನೇ ದಿನ ಬಗ್ಗಿದವನು ಬಗ್ಗಿದಂತೆಯೇ ಉಳಿದೆ. ಆಟೋದಲ್ಲಿ ಡಾಕ್ಟರ ಹತ್ತಿರ ಹೊತ್ತೊಯ್ದರು. ಅವರ ಬಿಲ್ಲಿಗೆ ಎರಡು ಮಿಕ್ಸಿ ಬರ್ತಿದ್ದವು.

ಅವ್ವ ತಲೆ ಸವರಿ ಸಮಾಧಾನ ಹೇಳಿದಳು: "ಈಗ ಬಂತು ನೋಡ್ಲಾ ಆಪತ್ತು. ತೆಗಿ ದುಡ್ಡ."

ಕಟ್ಟಿದೀನಿ

ಈ ಸಲ ಕಂಪನಿಯಲ್ಲಿ ಬೋನಸ್ ಬಂತು. ಬೋನಸ್ ಬಂದರೆ ಮದ್ರಾಸಿನ ಕಡಲು ತೋರಿಸ್ತೀನಿ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೆ. ಬಂದ ಕ್ಷಣದಿಂದ ತಲೆಯಲ್ಲಿ ಒಂದೇ ಲೆಕ್ಕ. ಸಾಲಕ್ಕೆ ಹಾಕಲಾ, ಆಪತ್ತಿಗೆ ಇಡಲಾ, ಕಡಲಿಗೆ ಸುರಿಯಲಾ?

ಶನಿವಾರ, ಅರ್ಧ ದಿನ ಕೆಲಸ. ಬೆಂಗಳೂರಿಂದ ಮಾರಿಕುಪ್ಪಂ ರೈಲಿನಲ್ಲಿ ವಾಪಸ್ ಬರ್ತಿದ್ದೆ. ಪಕ್ಕದಲ್ಲಿ ದಿನಾ ಜೊತೆಗೆ ಬರೋ ಕೆಜಿಎಫ್‌ನ ತಮಿಳು ಯಜಮಾನರು, ಅವಧಿಗೆ ಮುಂಚೆಯೇ ಸಾಲ ತೀರಿಸಿದ ಪುಣ್ಯಾತ್ಮರು. ಬೋನಸ್ ವಿಷಯ ಕೇಳಿದ್ದೇ ಪಾಠ ಶುರು ಮಾಡಿದರು: "ಮುದಲ್ ಕಟ್ಟುಂಗ ಸಾರ್, ವಟ್ಟಿ ತಾನಾ ಕೊರೆಯುಂ."

ಅವರ ಮುದಲ್ ಅಂದರೆ ನಮ್ಮ ಅಸಲು. ಅಸಲು ಕಟ್ಟಿ, ಬಡ್ಡಿ ತಾನಾಗೇ ಇಳೀತದೆ ಅಂತ. ಆಯ್ತು, ನಿರ್ಧಾರ ಮಾಡಿದೆ. ಆದರೆ ಹೆಂಡತಿಯ ಮುಖ ನೋಡ್ಕೊಂಡು ಹೇಳೋ ಧೈರ್ಯ ಈ ಹುಲಿಗಿಲ್ಲ. ರೈಲು ಗಡಗಡ ಸದ್ದು ಮಾಡ್ತಿದ್ದ ಹೊತ್ತಲ್ಲೇ ಫೋನ್ ಮಾಡಿದೆ. ನಾಲಿಗೆ ಮೇಲೆ ಯಜಮಾನರ ಮಾತೇ ಕೂತಿತ್ತು.

"ಬೋನಸ್ ಬಂತು ಕಣೇ. ಮುದಲ್ ಕಟ್ಟೋಣ."

ಅತ್ತಲಿಂದ ತಕ್ಷಣ ಉತ್ತರ ಬಂತು: "ಸರಿ ರೀ, ಕಟ್ತೀನಿ."

ಇಷ್ಟು ಸುಲಭವಾ! ಎದೆ ಹಗುರಾಯ್ತು. ಬಂಗಾರಪೇಟೆಯಲ್ಲಿ ಇಳಿದು ನೋಡ್ತೀನಿ, ಪ್ಲಾಟ್‌ಫಾರಂ ಮೇಲೆ ಹೆಂಡತಿ, ಮಗಳು, ಹೊಸ ಸೀರೆ ಉಟ್ಟ ಅವ್ವ. ಸುತ್ತ ಮೂಟೆ, ಚೀಲ.

"ಏನಿದು?"

"ಮೊದಲು ಕಟ್ಟೋಣ ಅಂದ್ರಲ್ಲ? ಕಟ್ಟಿದೀನಿ. ಪುಳಿಯೋಗರೆ ಕಟ್ಟಿದೀನಿ, ಬಟ್ಟೆ ಕಟ್ಟಿದೀನಿ, ಅತ್ತೆ ಮಾತ್ರೆ ಕಟ್ಟಿದೀನಿ. ಮದ್ರಾಸಿಗೆ ಟಿಕೇಟೂ ಆಯ್ತು."

ಅವ್ವ ತೋಳು ಹಿಡಿದು ಎಳೆದಳು: "ನಡೀಲಾ, ರೈಲು ಬತ್ತಾ ಐತೆ."

ಮಾರನೇ ಬೆಳಿಗ್ಗೆ ಕಡಲ ಮುಂದೆ ನಿಂತಿದ್ದೆವು. ಹೆಂಡತಿ ಸೀರೆ ಎತ್ತಿಕೊಂಡು ಸಣ್ಣ ಹುಡುಗಿಯ ಹಾಗೆ ನೀರಿಗೆ ಓಡಿದಳು. ನಾನು ದಡದಲ್ಲಿ ನಿಂತು ಮನಸ್ಸಲ್ಲೇ ಖರ್ಚು ಕೂಡಿಸ್ತಿದ್ದೆ. ಅವ್ವ ಬಹಳ ಹೊತ್ತು ಅಲೆಗಳನ್ನೇ ನೋಡಿ ಅಂದ್ಳು:

"ಲೇ, ಇದು ನಿನ್ ಬ್ಯಾಂಕಿನ್ ಬಡ್ಡಿ ಇದ್ದಂಗೈತೆ ಕಣ್ಲಾ. ಓಯ್ತು ಅಂದ್ಕೊಂಡ್ರೆ ಮತ್ತೆ ಬತ್ತದೆ. ನೀನೂ ಓಗಿ ಕಾಲು ನೆನಸ್ಕ."

ಹೋದೆ. ನಾನು ಕಾಲಿಟ್ಟದ್ದೇ ಕಡಲು ಎರಡು ಹೆಜ್ಜೆ ಹಿಂದೆ ಸರೀತು. ಸಾಲಗಾರ ಅಂತ ಅದಕ್ಕೂ ಗೊತ್ತಾಗಿರಬೇಕು.

ಇಷ್ಟರಲ್ಲಿ ಒಂದೇ ಒಂದು ಚೂರು ನಾನು ಸೇರಿಸಿದ್ದು. ರೈಲು ಸದ್ದು ಮಾಡ್ತಿತ್ತು ಅಂದೆನಲ್ಲ, ಮಾಡ್ತಿರಲಿಲ್ಲ. ಸಿಗ್ನಲ್ ಸಿಗದೆ ಸುಮ್ಮನೆ ನಿಂತಿತ್ತು. ನನ್ನ ಮಾತು ಪಕ್ಕದ ಬೋಗಿಯವರಿಗೂ ಕೇಳಿಸಿತ್ತು. ಹಾಗಾದರೆ ಕೆಜಿಎಫ್ ಹೆಣ್ಣಿಗೆ ಮುದಲ್ ಅಂದರೇನು ಅಂತ ಗೊತ್ತಿರಲಿಲ್ಲವಾ ಅಂತ ಮಾತ್ರ ನನ್ನನ್ನು ಕೇಳಬೇಡಿ. ನಾನೂ ಅವಳನ್ನ ಕೇಳಿಲ್ಲ.