ಗಾಣವಿಲ್ಲದ ಗಾಣದ ಬೀದಿ

೧೯೯೪ರಲ್ಲಿ, ಏಳನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟವನು ನಾನು. ನಾನು ಬಿಟ್ಟರೂ ಇತಿಹಾಸದ ಪಾಠ ನನ್ನನ್ನು ಬಿಡಲಿಲ್ಲ. ನಮ್ಮ ಮಾಮು ಇದ್ದಾರಲ್ಲ! ಅಮ್ಮನ ತಮ್ಮ. ಚಳ್ಳಕೆರೆಯ ನಮ್ಮ ಗಾಣದ ಬೀದಿಗೆ ತಮ್ಮನ್ನು ತಾವೇ ನೇಮಿಸಿಕೊಂಡ ಇತಿಹಾಸಕಾರರು.

ಬೀದಿಯಾದರೂ ಎಂಥದ್ದು? ಈ ತುದಿಯಲ್ಲಿ ಸೀನಿದರೆ ಆ ತುದಿಯವರು ಮೂಗು ಒರೆಸಿಕೊಳ್ಳಬೇಕು. ಆಟೋ ನುಗ್ಗಿದರೆ ಹಿಮ್ಮುಖವಾಗಿಯೇ ಹೊರಬರಬೇಕು. ಹನ್ನೊಂದು ಮನೆಗಳ ಈ ಸಂದಿಗೆ ಇತಿಹಾಸವಂತೆ! ಹಿಂದೆ ಇಲ್ಲಿ ಶೇಂಗಾ ಎಣ್ಣೆಯ ಗಾಣವಿತ್ತು. ಅದು ನಿಂತಾಗ ನಾನಿನ್ನೂ ಹುಟ್ಟಿರಲಿಲ್ಲ. ಮಾಮು ಪಾಲಿಗೆ ಅದು ಇನ್ನೂ ತಿರುಗುತ್ತಲೇ ಇದೆ.

ಬೀದಿಯ ಕೊನೆಯಲ್ಲಿ ನನ್ನ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪಿನ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ. ಬೀದಿಯ ಬಾಯಲ್ಲೇ ಮಾಮು ಕೂರುವ ಕಟ್ಟೆ. ಅದನ್ನು ದಾಟಿಯೇ ಗಿರಾಕಿ ಬರಬೇಕು. ದಾಟಿದರೆ ತಾನೆ? ಒಮ್ಮೆ ಪಕ್ಕದ ಹಳ್ಳಿ ನನ್ನಿವಾಳದವರೊಬ್ಬರು ಮೋಟರ್ ತಂದು, ಅಂಗಡಿ ಎಲ್ಲಿ ಎಂದು ಕೇಳಿದರು.

“ಹೇಳ್ತೀನಿ ಬರ್ರಿ. ಇದೇ ತಿರುವಿನಾಗೆ ನಮ್ಮಜ್ಜನ ಗಾಣದ ಎತ್ತು, ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚದೇನೇ ಮನೆ ಸೇರಿತ್ತು...”

“ಎತ್ತಿಗೆ ದಾರಿ ಗೊತ್ತಿತ್ತು ಬಿಡ್ರಿ, ನನಗೆ ಹೇಳ್ರಿ!”

ಅರ್ಧ ಗಂಟೆಯಾದರೂ ಕಥೆಯ ಎತ್ತು ನೀರು ಕುಡಿದು ಮುಗಿಸಿರಲಿಲ್ಲ. ಗಿರಾಕಿ ಬೇರೆ ಅಂಗಡಿ ನೋಡಿಕೊಂಡರು.

ಕಳೆದ ವರ್ಷ ನಗರಸಭೆಯವರು ಬಂದು, ಬೀದಿಗೆ ಬೋರ್ಡು ಹಾಕುತ್ತೇವೆ, ಹೆಸರು ಬರೆದುಕೊಡಿ ಎಂದರು. ನಾನು ‘ನಾಲ್ಕನೇ ಅಡ್ಡರಸ್ತೆ’ ಎಂದೆ. ನಂಬರಾದರೆ ಗಿರಾಕಿ ಯಾರನ್ನೂ ಕೇಳದೆ ಬರುತ್ತಾರಲ್ಲ! ಮಾಮು ಕೆಂಡವಾದರು.

“ನಂಬರು ಹಾಕೋಕೆ ಇದೇನು ಜೈಲೇನಲೇ? ಗಾಣದ ಬೀದಿ!”

“ಗಾಣ ಎಲ್ಲೈತೆ ಮಾಮು, ತೋರಿಸ್ರಿ! ಸತ್ತಿದ್ದಕ್ಕೆ ಮಾತ್ರ ಇತಿಹಾಸನಾ? ಇವತ್ತು ದುಡಿಯೋನು ಕಣ್ಣಿಗೆ ಕಾಣಲ್ವಾ?”

ಮಾಮು ನನ್ನ ಅಂಗಡಿಯತ್ತ ಒಮ್ಮೆ ನೋಡಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಅರ್ಜಿ ಬರೆಯುವ ಕೆಲಸ ಹಿರಿಯರೆಂದು ಅವರಿಗೇ ಹೋಯಿತು. ನನ್ನ ಏಳನೇ ಕ್ಲಾಸಿನ ಅಕ್ಷರವನ್ನು ಯಾರು ನಂಬುತ್ತಾರೆ? ಮುಗಿಯಿತು ನನ್ನ ವ್ಯಾಪಾರ ಎಂದುಕೊಂಡೆ.

ತಿಂಗಳ ಮೇಲೆ ಬೋರ್ಡು ಬಂತು. ಓದಿದೆ. ಇನ್ನೊಮ್ಮೆ ಓದಿದೆ. ‘ಮೋಟರ್ ಬೀದಿ’.

“ಇದೇನು ಮಾಮು?”

“ಗಾಣ ತಿರುಗ್ತಿತ್ತು, ಗಾಣದ ಬೀದಿ ಅಂದ್ರು. ಈಗ ಇಲ್ಲಿ ತಿರುಗೋದು ಇನ್ನೇನೈತೆ ಬೇಟಾ, ನೀನು ರಿಪೇರಿ ಮಾಡಿದ್ದು ಬಿಟ್ರೆ?” ಎಂದು ಹೆಗಲ ಟವೆಲಿನಿಂದ ಹೊಸ ಬೋರ್ಡನ್ನೇ ಒರೆಸತೊಡಗಿದರು.

ನಾನು ಅಂಗಡಿಯೊಳಗೆ ಹೋಗಿ ರಿಪೇರಿಯಾಗಿದ್ದ ಮೋಟರೊಂದನ್ನು ಸುಮ್ಮನೆ ಆನ್ ಮಾಡಿದೆ, ಅವರಿಗೆ ಕೇಳಲೆಂದು.

ಈಗ ನನಗಿರುವುದು ಇಷ್ಟು: ತಂತಿ ಸುತ್ತುವ ಯಂತ್ರ ಎರಡು, ಹಳೇ ಬೈಕು ಒಂದು, ಮಾಮು ಒಬ್ಬರು.