ಓನರಮ್ಮನ ಬಸ್ಸಾರು ರೆಕಾರ್ಡ್ ಆದ ಬಗೆ

೧. ದಾರಿ
ನಾಲ್ಕಾರು ದೇಶ ಸುತ್ತಿದವಳು ನಾನು, ದಾರಿ ತಪ್ಪುವುದು ಮಾತ್ರ ಯಾವಾಗಲೂ ಮನೆಯ ಹತ್ತಿರವೇ. ಅವತ್ತೂ ಹೆಬ್ಬಗೋಡಿಯ ಗಲ್ಲಿಯೊಂದರಲ್ಲಿ ಸಿಕ್ಕಿಕೊಂಡು, ಟೀವಿ ಅಂಗಡಿ ಎಲ್ಲಿ ಅಂತ ಎಳನೀರಿನವನನ್ನು ಕೇಳಿದೆ. ಏನು ಬೇಕಿತ್ತು ಅಂದ. ಕಾರ್ಯಕ್ರಮ ರೆಕಾರ್ಡ್ ಮಾಡೋ ಡಬ್ಬ ಅಂದೆ.

"ಒಂದ್ಸಲ ನೋಡೋಕೇ ಆಗಲ್ಲ, ಎರಡೆರಡು ಸಲ ನೋಡ್ತೀರಾ ಅಕ್ಕ?"

೨. ಗ್ಯಾರಂಟಿ
ವಿಷಯ ಇಷ್ಟೇ. ನಮ್ಮ ಬಾಡಿಗೆ ಮನೆಯ ಓನರಮ್ಮ ಟೀವಿಯ ಅಡುಗೆ ಕಾರ್ಯಕ್ರಮದಲ್ಲಿ ಬಸ್ಸಾರು ಮಾಡಿ ಬಂದಿದ್ದರು. ಅದು ಬರುವುದು ಮಗ, ಸೊಸೆ ಇಬ್ಬರೂ ಫ್ಯಾಕ್ಟರಿಯಲ್ಲಿರುವ ಮಧ್ಯಾಹ್ನ. ನಾನು ಊರೂರು ಅಲೆಯುವಾಗೆಲ್ಲ ನನ್ನ ಬೆಕ್ಕು ಉಣ್ಣುವುದು ಅವರ ಮನೆಯಲ್ಲಿ. ಆ ಋಣಕ್ಕೆ, ರೆಕಾರ್ಡ್ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ.

ಅಂಗಡಿಯವನು ಫ್ರಿಜ್ಜಿನಷ್ಟು ಬೆಲೆಯ ರೆಕಾರ್ಡರ್ ತೋರಿಸಿದ. ನಾನು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಪೆನ್ ಡ್ರೈವ್ ಚುಚ್ಚುವ ಪುಟ್ಟ ಡಬ್ಬ ತೋರಿಸಿದೆ. ನಿಮ್ಮಂಥವರು ತಗೊಳ್ಳೋದಲ್ಲ ಅಂದ. ನನ್ನಂಥವರು ಯಾರು ಅಂತ ಕೇಳಿದೆ. ಮಾತು ಬದಲಿಸಿದ.

"ಅದಕ್ಕೆ ಗ್ಯಾರಂಟಿ ಇಲ್ಲ ಮೇಡಂ."

"ನನಗೂ ಇಲ್ಲ. ಪ್ಯಾಕ್ ಮಾಡಿ."

೩. ಮೇನ್ ಸ್ವಿಚ್
ಓನರಮ್ಮನ ಟೀವಿಗೆ ಡಬ್ಬ ಜೋಡಿಸಿ, ಟೈಮ್ ಇಟ್ಟು, ರಿಮೋಟ್ ಮುಟ್ಟಬೇಡಿ ಅಂತ ಹೇಳಿ ಆಫೀಸಿಗೆ ಹೋದೆ. ಸಂಜೆ ನೋಡಿದರೆ ನಿರೂಪಕನ ನಮಸ್ಕಾರ ಮಾತ್ರ ಇದೆ, ಮುಂದೆ ಕತ್ತಲೆ. ಕಾರ್ಯಕ್ರಮ ಶುರುವಾಗುತ್ತಲೇ ಓನರಮ್ಮ ಅದನ್ನು ಹೆಂಗಸರ ಜೊತೆ ನೋಡಲು ಪಕ್ಕದ ಮನೆಗೆ ಹೋಗಿದ್ದರಂತೆ. ಹೋಗುವಾಗ, ಯಾವತ್ತಿನ ಹಾಗೆ, ಮೇನ್ ಸ್ವಿಚ್ ಆರಿಸಿ ಬೀಗ ಹಾಕಿದ್ದರು.

"ಮನೇಲಿ ಯಾರೂ ಇಲ್ದಾಗ ಟೀವಿ ಯಾರಿಗವ್ವ ಓಡ್ಬೇಕು?"

ಅಗ್ಗದ್ದು ತಗೊಂಡ್ರೆ ಇಷ್ಟೇ ಅಂದ ಮಗ. ಮೇನ್ ಆರಿಸಿದರೆ ಅರಮನೆಯ ಟೀವಿಯೂ ಆರುತ್ತೆ ಕಣಪ್ಪ ಅಂದೆ.

೪. ಉಪ್ಪು
ಮರುದಿನ ಬೆಳಿಗ್ಗೆ ಮರುಪ್ರಸಾರ. ರಜೆ ಹಾಕಿ, ಮೇನ್ ಸ್ವಿಚ್ಚಿನ ಕೆಳಗೆ ಕುರ್ಚಿ ಎಳೆದುಕೊಂಡು ಕಾವಲು ಕೂತೆ. ರೆಕಾರ್ಡ್ ಆಯಿತು.

ಸಂಜೆ ಮನೆಯವರೆಲ್ಲ ಸೇರಿದರು. ಪರದೆಯ ಮೇಲೆ ನಿರೂಪಕ ಬಸ್ಸಾರು ಸವಿದು ಅದ್ಭುತ ಅಂದ. ಓನರಮ್ಮ ಮಾತ್ರ ಹಿಂದಕ್ಕೆ ಓಡಿಸು ಅಂದರು. ಓಡಿಸಿದೆ. ಹಿಂದಿನ ದಿನ ಪಕ್ಕದ ಮನೆಯಲ್ಲಿ ಎಲ್ಲರೂ ಅವರ ಸೀರೆ ನೋಡಿದ್ದರೇ ಹೊರತು ಸಾರು ನೋಡಿರಲಿಲ್ಲ.

"ಅಯ್ಯೋ, ಉಪ್ಪೇ ಆಕಿಲ್ವಲ್ಲ ನಾನು."

ಮದುವೆಯಾದಾಗಿನಿಂದ ದಿನಾ ಉಪ್ಪಿನ ವಿಷಯಕ್ಕೇ ಅತ್ತೆಯಿಂದ ಬೈಸಿಕೊಂಡ ಸೊಸೆ, ಬಾಗಿಲ ಬಳಿಯಿಂದ ಮುಂದೆ ಬಂದು ಕೂತಳು.

"ಇನ್ನೊಂದ್ಸಲ ಹಾಕಿ ಅಕ್ಕ."

"ಬ್ಯಾಡ, ಅಳಿಸ್ಬುಡವ್ವ," ಅಂದರು ಓನರಮ್ಮ. "ಬೆಕ್ಕಿನ ಋಣ ಅಲ್ಲಿಗೆ ತೀರ್ತು."

ಯೋಚಿಸಿದೆ. ಬೆಕ್ಕು ಉಂಡದ್ದು ಈ ಮನೆಯಲ್ಲಿ, ನಿಜ. ಆದರೆ ಅದಕ್ಕೆ ದಿನಾ ಹಾಲನ್ನ ಕಲಸಿದ್ದು ಸೊಸೆ. ಪೆನ್ ಡ್ರೈವ್ ಕಿತ್ತು ಅವಳ ಕೈಗಿಟ್ಟು, ಋಣ ತೀರಿಸಿದೆ.