ಮಾವನ ಜೀಪಿಗೆ ಎಷ್ಟು ಇಂಚು?

ಹೆಣ್ಣು ನೋಡಲು ಹೋದ ದಿನ ನಮ್ಮ ಸೋದರಮಾವ ಕಾಫಿ ಲೋಟ ಕೆಳಗಿಡುವುದರೊಳಗೆ ಒಪ್ಪಿಬಿಟ್ಟಿದ್ದರಂತೆ. ಅದೇ ಮನುಷ್ಯ ತಮ್ಮ ಹಳೇ ಜೀಪನ್ನು ಎಷ್ಟು ಇಂಚು ಎತ್ತರಿಸಬೇಕೆಂದು ತೀರ್ಮಾನಿಸಲು ಐದು ತಿಂಗಳು ತೆಗೆದುಕೊಂಡರು! ಜೀಪಿಗೆ ನನ್ನಷ್ಟೇ ವಯಸ್ಸು. ಹಲ್ಲು ಮಾತ್ರ ಅದಕ್ಕೇ ಹೆಚ್ಚು ಉದುರಿವೆ, ಗೇರಿನವು.

ಎತ್ತರಿಸುವ ಅಗತ್ಯವಿತ್ತೆನ್ನಿ. ಮಾವನ ತೋಟ ಉಯ್ಯಂಬಳ್ಳಿ ಕಡೆ, ಒಂದು ಹಳ್ಳದ ಆಚೆ. ಪ್ರತಿ ಸೋಮವಾರ ಕನಕಪುರದ ನಮ್ಮ ಮನೆಗೆ ಬಂದು, ತಮ್ಮ ಅಕ್ಕನನ್ನು, ಎಂದರೆ ನನ್ನ ಅಮ್ಮನನ್ನು, ತೋಟಕ್ಕೆ ಕರೆದೊಯ್ಯುತ್ತಿದ್ದರು. ಎಪ್ಪತ್ತೆಂಟರ ಅಮ್ಮನಿಗೆ ವಾರಕ್ಕೆ ಅದೊಂದೇ ತಿರುಗಾಟ. ಹೋದ ಮಳೆಗಾಲದಲ್ಲಿ ಹಳ್ಳದ ಕಲ್ಲು ಜೀಪಿನ ಹೊಟ್ಟೆಗೆ ಬಡಿದು, ಆಯಿಲೆಲ್ಲ ಸೋರಿ, ಅಕ್ಕತಮ್ಮ ಮೂರು ಗಂಟೆ ನೀರಿನ ನಡುವೆ ಕುಳಿತಿದ್ದರು. ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ನಲವತ್ತು ವರ್ಷದ ಹಳೇ ಜಗಳಗಳೆಲ್ಲ ಮುಗಿದಿದ್ದವಂತೆ!

"ಇನ್ನ ಅಕ್ಕನ್ನ ಹಂಗೆ ಕೂರುಸ್ಬಾರ್ದು ಕಣ್ಲಾ. ಗಾಡಿ ಎತ್ತರ್ಸೋಗಂಟ ತೋಟ ಬಂದ್" ಎಂದರು ಮಾವ. ಅಮ್ಮನ ಸೋಮವಾರಗಳು ನಿಂತವು.

ವ್ಯವಹಾರ ಅಂದಮೇಲೆ ನಾನಿಲ್ಲದೆ ಆದೀತೆ? ಟೊಮೆಟೊ ಬುಟ್ಟಿ ಹೊತ್ತು ಮೇಲೆ ಬಂದವನು ನಾನು. ಹೇಳಿದ ಬೆಲೆಗೆ ಕೊತ್ತಂಬರಿ ಸೊಪ್ಪನ್ನೂ ಕೊಂಡವನಲ್ಲ. ರಾಮನಗರದ ಮೆಕ್ಯಾನಿಕ್ ಭಾಯಿಯನ್ನು ಒಂದು ಬೆಳಗ್ಗೆ ಪೂರ್ತಿ ಗೋಳುಹೊಯ್ದುಕೊಂಡು, ಎರಡು ಇಂಚಿನ ದರಕ್ಕೆ ನಾಲ್ಕು ಇಂಚು ಎತ್ತರಿಸಲು ಒಪ್ಪಿಸಿದೆ. ನಿಮಗೂ ಹೇಳಿಡುತ್ತೇನೆ: ಹಳೇ ಗಾಡಿಯಾದರೆ ಮೊದಲು ಕುಸಿದ ಕಮಾನು ಪಟ್ಟಿ, ಅಂದರೆ ಚಕ್ರದ ಮೇಲಿನ ಸ್ಪ್ರಿಂಗು, ಬದಲಿಸಿ ನೋಡಿ, ಒಂದಿಂಚು ಅಲ್ಲೇ ಸಿಕ್ಕರೂ ಸಿಕ್ಕೀತು.

ಪಕ್ಕದಲ್ಲೇ ನಿಂತಿದ್ದ ಮಾವ ಖುಷಿಪಟ್ಟರೇ?

"ನಾಕು ಯಾಕ್ಲಾ?"

"ಎಲ್ಡ್ರ ಕಾಸ್ಗೇ ಬತ್ತೈತೆ ಮಾವ!"

"ಪುಕ್ಸಟ್ಟೆ ಸಿಕ್ತು ಅಂತ ಎಲ್ಡ್ ಸೈಜ್ ದೊಡ್ಡ ಚಪ್ಲಿ ಹಾಕ್ಕತೀಯೇನ್ಲಾ?"

ಭಾಯಿ ನಕ್ಕ ರಭಸಕ್ಕೆ ಅವನ ಕೈಯ ಸ್ಪ್ಯಾನರ್ ಕೆಳಗೆ ಬಿತ್ತು.

ಮರುದಿನ ಮಾವ ಕೋಲು ಹಿಡಿದು ಹಳ್ಳಕ್ಕಿಳಿದರು. ಒಂದೊಂದು ಕಲ್ಲಿನ ಎತ್ತರವನ್ನೂ ಕೋಲಿನ ಮೇಲೆ ಗೀರಿಕೊಂಡರು. ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದವನು ಕೇಳಿದ: "ಏನ್ ಗೌಡ್ರೇ, ಕಲ್ಲಿಗೆ ಅಂಗಿ ಹೊಲುಸ್ತೀರಾ?"

ಇಷ್ಟಕ್ಕೇ ಮುಗಿಯಿತೆ? ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಪರಿಚಯದವರಿಂದ ಇಂಚು ದಪ್ಪದ ಹಲಗೆ ಮಾಡಿಸಿದರು, ಚಕ್ರಕ್ಕೆ ನಾಲ್ಕರಂತೆ ಹದಿನಾರು. ಬೊಂಬೆಯವರಿಗೆ ಬಣ್ಣ ಹಾಕದೆ ಕೊಡಲು ಮನಸ್ಸು ಬರಬೇಕಲ್ಲ! ಕೆಂಪು, ಹಳದಿ, ಹಸಿರು, ನೀಲಿ. ಒಂದು ಸೋಮವಾರ ನಮ್ಮ ಮನೆ ಮುಂದೆ ಜಾಕಿ ಹಾಕಿ, ನಾಲ್ಕು ಬಣ್ಣದ ಮೇಲೆ ಜೀಪನ್ನು ನಿಲ್ಲಿಸಿದರು. ಬೀದಿಯ ಮಕ್ಕಳು ಕೇಳಿದವು: "ತಾತ, ದಾರ ಕಟ್ಟಿ ಎಳೀಬೋದಾ?"

"ಹಲಗೆ ಮೇಲೆ ನಿಲ್ಸುದ್ರೆ ಕಮಾನಿನ ಗುಣ ಏನ್ ಗೊತ್ತಾಯ್ತದೆ ಮಾವ?" ಎಂದು ನಾನು ಬುದ್ಧಿ ಹೇಳಿದೆ.

"ನಂಗೆ ಬೇಕಾದ್ದು ಗೊತ್ತಾಯ್ತದೆ, ನೀನ್ ಒಸಿ ಸುಮ್ಕಿರು. ಅಕ್ಕೋ, ಬಾ ಇಲ್ಲಿ!"

"ನೀನು ಇಂಚು ಎಣ್ಸೋದ್ರೊಳ್ಗೆ ನಾನೇ ಹೊಂಟೋಯ್ತೀನಿ ಕಣ್ಲಾ" ಎನ್ನುತ್ತ ಅಮ್ಮ ಬಂದಳು. ತಮ್ಮನ ಹೆಗಲು ಹಿಡಿದು ಫುಟ್‌ಬೋರ್ಡಿಗೆ ಕಾಲೆತ್ತಿದಳು. ಕಾಲು ಗಾಳಿಯಲ್ಲಿ ಒಂದು ಗಳಿಗೆ ನಿಂತು ಕೆಳಗಿಳಿಯಿತು. "ಇದೇನ್ಲಾ, ಜೀಪೋ ಅಟ್ಟವೋ?"

ಮಾವ ಮತ್ತೆ ಜಾಕಿ ಹಾಕಿ, ನಾಲ್ಕೂ ಚಕ್ರದಡಿಯ ನೀಲಿ ಹಲಗೆ ತೆಗೆದರು. ಕಾಲು ಮತ್ತೆ ಗಾಳಿಯಲ್ಲೇ. ಹಸಿರನ್ನೂ ತೆಗೆದರು. ಈಗ ಅಮ್ಮ ಹತ್ತಿ ಕುಳಿತು, ಸೆರಗು ಸರಿಮಾಡಿಕೊಂಡಳು. ಮಾವ ಟೇಪು ತೆಗೆದು ನೆಲದಿಂದ ಫುಟ್‌ಬೋರ್ಡಿನವರೆಗೆ ಅಳೆದರು.

"ಎಲ್ಡೇ ಇಂಚು. ಮುಗೀತು."

"ಆ ದೊಡ್ಡ ಕಲ್ಲು ತಾಗ್ತದಲ್ಲ ಮಾವ?"

"ಅದುನ್ನ ಹಾರೆ ಹಾಕಿ ಎಬ್ಬುಸ್ತೀನಿ. ಅಕ್ಕನ ಮಂಡಿಗೆ ಹಾರೆ ಹಾಕಕಾಯ್ತದಾ?"

ಅಮ್ಮ ಇಳಿದು, ಮನೆಯ ಪಕ್ಕದ ಸಂದಿಯಿಂದ ಹಿತ್ತಿಲ ಬಾಗಿಲಿಗೆ ಹೊರಟಳು. ಒಂದು ವರ್ಷದಿಂದ ಹಾಗೇ ಓಡಾಡುತ್ತಾಳೆ. ಕರಿಬೇವಿನ ಗಿಡ ನೋಡಿಕೊಳ್ಳಲು ಎಂದುಕೊಂಡಿದ್ದೆ. ಮುಂಬಾಗಿಲಿಗೆ ನಾನೇ ನಿಂತು ಕಟ್ಟಿಸಿದ ಐದು ಮೆಟ್ಟಿಲುಗಳು, ಬೀದಿಗೆಲ್ಲ ಎತ್ತರ. ಹಿಡಿದುಕೊಳ್ಳುವ ಕಂಬಿ ದಂಡದ ಖರ್ಚೆಂದು ಬಿಡಿಸಿದ್ದೆ.

ಮಾವನ ಕೈಯಿಂದ ಟೇಪು ಇಸಿದುಕೊಂಡು ಮೊದಲ ಮೆಟ್ಟಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತೆ.

"ಟೇಪಲ್ಲಿ ಗೊತ್ತಾಗಕಿಲ್ಲ ಕಣ್ಲಾ," ಮಾವ ಮೆಲ್ಲಗೆ ಹೇಳಿದರು. "ಅಕ್ಕನ್ನ ಕರಿ."

ನಾನು ಸಂದಿಯ ಕಡೆ ಓಡಿದೆ.